ಬನ್ನಿ, ಬಳ್ಳಾರಿ ಜಾಲಿ ಮತ್ತು ರುಸೈಲ್

ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ಸರಿಯಾಗಿ ಹೇಳಬೇಕೆಂದರೆ ಜಾಲಿಯೂ ಅಲ್ಲ. ನಮ್ಮ ಜಾಲಿ ಎಂದರೆ ಕರಿಜಾಲಿ, ಅದರ ಕುಲವೇ ಬೇರೆ. ಬಳ್ಳಾರಿ ಜಾಲಿಯ ತವರು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗಿನ ಒಣನೆಲ ಮತ್ತು ಕೆರಿಬಿಯನ್ ದ್ವೀಪಗಳು. ಸಸ್ಯಶಾಸ್ತ್ರಜ್ಞರು ಅದನ್ನು ಬಹುಕಾಲ ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಕರೆದರು. ಇಲ್ಲಿ ಒಮಾನಿನಲ್ಲಿ ಜನ ಅದನ್ನು ಗಾಫ್ ಬಹ್ರಿ, ಅಂದರೆ ಕಡಲ ಗಾಫ್ ಎನ್ನುತ್ತಾರೆ. ಬರೀ ಗಾಫ್ ಎಂದರೆ ಈ ನೆಲದ ಸ್ವಂತ ಮರ. ಅದು ನಮಗೂ ಅಪರಿಚಿತವಲ್ಲ. ವಿಜಯದಶಮಿಯ ಸಂಜೆ ಬಂಗಾರವೆಂದು ಹಂಚಿಕೊಳ್ಳುವ ಬನ್ನಿ, ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷ, ಅದೇ ಗಾಫ್.

ರುಸೈಲ್ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುವ ನನಗೆ ಈ ಎರಡು ಮರಗಳೂ ದಿನಾ ಕಾಣುತ್ತವೆ. ದಸರಾ ಬಂತೆಂದರೆ ನಮ್ಮವರಲ್ಲಿ ಯಾರಾದರೊಬ್ಬರು ಫೋನ್ ಮಾಡಿ "ಬನ್ನಿ ಎಲ್ಲಿ ಸಿಗತ್ತೆ ಮಾರಾಯ್ರೆ?" ಎಂದು ಕೇಳುವುದೂ ಇದೆ. ಕೆಲವರು ಕೇಳುವ ಗೋಜಿಗೆ ಹೋಗದೆ ರಸ್ತೆ ಪಕ್ಕದ ಜಾಲಿಯ ರೆಂಬೆ ಮುರಿದು ತಂದು ಪೂಜೆಗಿಡುತ್ತಾರೆ. ಹಾಗಾಗಿ ಈ ಸಂಚಿಕೆಗೆ ಎರಡೂ ಮರಗಳ ಚರಿತ್ರೆಯನ್ನೇ ಬರೆಯೋಣವೆನಿಸಿತು.

ಜಾಲಿ ಭಾರತಕ್ಕೆ ಬಂದ ಕಾಲವನ್ನು ನೋಡಿದರೆ ಮನಸ್ಸು ಭಾರವಾಗುತ್ತದೆ. ಮದರಾಸು ಪ್ರಾಂತ್ಯದ ಅರಣ್ಯಾಧಿಕಾರಿ ಕರ್ನಲ್ ಬೆಡ್ಡೋಮ್ ಒಣನೆಲದಲ್ಲಿ ಬೇಗ ಬೆಳೆದು ಸೌದೆ ಕೊಡುವ ಈ ಮರದ ಬೀಜ ತರಿಸಿಕೊಡಿ ಎಂದು ಸರ್ಕಾರಕ್ಕೆ ಬರೆದದ್ದು 1876ರಲ್ಲಿ. ಜಮೈಕಾದಿಂದ ಬೀಜ ಬಂದದ್ದು 1877ರಲ್ಲಿ. ಅದನ್ನು ಬಿತ್ತಿದ್ದು ಕಡಪ ಜಿಲ್ಲೆಯ ಕಮಲಾಪುರಂನಲ್ಲಿ (ಹಂಪಿ ಪಕ್ಕದ ನಮ್ಮ ಕಮಲಾಪುರವಲ್ಲ). ಆ ಎರಡು ವರ್ಷಗಳೇ ಧಾತು, ಈಶ್ವರ ಸಂವತ್ಸರಗಳ ಮಹಾಬರದ ವರ್ಷಗಳು. ಬಳ್ಳಾರಿ, ಕಡಪ, ಕರ್ನೂಲುಗಳು ಸೊರಗಿ ಹೋದವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನೀರು ಕೇಳದ, ದನ ಮೇಯದ, ಕಡಿದಷ್ಟೂ ಚಿಗುರುವ ಮರ ಅಂದಿನವರಿಗೆ ವರವಾಗಿಯೇ ಕಂಡಿರಬೇಕು. ಬೆಡ್ಡೋಮರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಬಳ್ಳಾರಿಯೂ ಆಗ ಮದರಾಸು ಪ್ರಾಂತ್ಯದಲ್ಲೇ ಇತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಜಾಲಿ ಬಂದ ದಿಕ್ಕನ್ನೇ ನಮ್ಮವರು ಅದರ ಹೆಸರಾಗಿಸಿದಂತಿದೆ. ತೆಲುಗರು ಸರ್ಕಾರು ತುಮ್ಮ ಎಂದರು. ತಮಿಳರಿಗೆ ಅದು ಸೀಮೈ ಕರುವೇಲಂ, ಅಂದರೆ ಪರದೇಶದ ಕರಿಜಾಲಿ. ಗುಜರಾತಿನಲ್ಲಿ ಗಾಂಡೋ ಬಾವಳ್, ಹುಚ್ಚು ಜಾಲಿ! ಯಾರೂ ಅದನ್ನು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ.

ಗುಜರಾತಿನ ಕಥೆ ಮಸ್ಕತ್ತಿನಲ್ಲಿರುವ ನಮಗೆ ಹತ್ತಿರದ್ದು, ಏಕೆಂದರೆ ಇಲ್ಲಿನ ಹಳೆಯ ಭಾರತೀಯ ವ್ಯಾಪಾರಿ ಮನೆತನಗಳ ಮೂಲ ಕಛ್. ಅಲ್ಲಿ ಬನ್ನಿ ಎಂಬ ಹೆಸರಿನದೇ ದೊಡ್ಡ ಹುಲ್ಲುಗಾವಲಿದೆ. ಆ ಹೆಸರಿಗೂ ನಮ್ಮ ಬನ್ನಿ ಮರಕ್ಕೂ ಸಂಬಂಧವಿಲ್ಲ. ಉಪ್ಪು ಮುಂದೊತ್ತದಂತೆ ತಡೆಯಲು 1960–61ರಲ್ಲಿ ಅರಣ್ಯ ಇಲಾಖೆ ಸುಮಾರು 31,500 ಹೆಕ್ಟೇರಿನಲ್ಲಿ ಜಾಲಿ ಹಾಕಿಸಿತು. ಅದು ಹುಲ್ಲನ್ನೇ ನುಂಗಿತು. ಮಾರವಾಡದಲ್ಲಿ ನಡೆದದ್ದು ಇನ್ನೂ ವಿಚಿತ್ರ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಮಹಾರಾಜನ ಆಳುಗಳು ಬನ್ನಿ ಮರ ಕಡಿಯಲು ಬಂದಾಗ ಅಮೃತಾದೇವಿಯೊಂದಿಗೆ 363 ಬಿಷ್ಣೋಯಿಗಳು ಮರ ತಬ್ಬಿ ನಿಂತು ಪ್ರಾಣ ಕೊಟ್ಟರು. ಅದೇ ಜೋಧಪುರ ಸಂಸ್ಥಾನ 1940ರಲ್ಲಿ ಜಾಲಿಯನ್ನು 'ರಾಜವೃಕ್ಷ'ವೆಂದು ಘೋಷಿಸಿ, ಕಾಪಾಡಿರೆಂದು ಪ್ರಜೆಗಳಿಗೆ ಹೇಳಿತು.

ಇನ್ನು ಒಮಾನಿಗೆ ಬರೋಣ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ದೇಶದಲ್ಲಿ ಹತ್ತು ಕಿಲೋಮೀಟರ್ ಡಾಂಬರು ರಸ್ತೆಯಿತ್ತು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಆಮೇಲಿನದೆಲ್ಲ ದಾಪುಗಾಲು. ದೇಶದ ಮೊದಲ ಕೈಗಾರಿಕಾ ವಸಾಹತು ರುಸೈಲ್‌ನಲ್ಲಿ ಸ್ಥಾಪನೆಯಾದದ್ದು 1983ರಲ್ಲಿ. ನೆರೆಯ ಅಲ್ ಖೂದ್‌ನಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯ ತೆರೆದದ್ದು 1986ರಲ್ಲಿ. ಅದಕ್ಕೆ ಮುಂಚೆ ಇದು ಕರಾವಳಿಯಿಂದ ನಿಜ್ವಾ ಕಡೆಗೆ ತಿರುಗುವವರು ಹಾದುಹೋಗುವ ಗರಸು ಬಯಲು. ಹೊಸ ರಸ್ತೆಗೆ ನೆರಳು ಬೇಕು, ಹೊಸ ಬಡಾವಣೆಗೆ ಹಸಿರು ಬೇಕು, ಅದೂ ಬೇಗ ಬೇಕು. ಗಾಫ್ ನಿಧಾನದ ಮರ. ಮೊದಲ ವರ್ಷಗಳಲ್ಲಿ ಅದರ ಬೆಳವಣಿಗೆಯೆಲ್ಲ ಬೇರಿಗೇ ಹೋಗುತ್ತದೆ. ಜಾಲಿಗೆ ಆ ವ್ಯವಧಾನವಿಲ್ಲ. ಬಳ್ಳಾರಿಗೆ ಅದನ್ನು ತಂದದ್ದು ಬರ, ಇಲ್ಲಿಗೆ ತಂದದ್ದು ಅಭಿವೃದ್ಧಿ. ಆದರೆ ಅವಸರ ಎರಡು ಕಡೆಯೂ ಒಂದೇ.

ಅದು ಗೆಲ್ಲುವುದು ಹೇಗೆ ಎಂಬುದನ್ನು ರುಸೈಲ್‌ನ ವಾದಿಯ ದಂಡೆಯಲ್ಲಿ ನಿಂತು ನೋಡಬಹುದು. ವಾದಿಯೆಂದರೆ ಮಳೆ ಬಂದಾಗಷ್ಟೇ ಹರಿಯುವ ಹಳ್ಳ, ನಮ್ಮ ಬಯಲುಸೀಮೆಯವರಿಗೆ ವಿವರಿಸಬೇಕಿಲ್ಲ. ಆಡು ಗಾಫ್‌ನ ಎಲೆಯನ್ನೂ ಎಳೆಯ ಸಸಿಯನ್ನೂ ಆಸೆಯಿಂದ ತಿನ್ನುತ್ತದೆ. ಜಾಲಿಯ ಎಲೆಗೆ ಬಾಯಿ ಹಾಕುವುದಿಲ್ಲ, ಆದರೆ ಅದರ ಸಿಹಿ ಕಾಯಿಯನ್ನು ಬಿಡುವುದಿಲ್ಲ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಮೆತ್ತಗಾಗಿ, ಹಿಕ್ಕೆಯೆಂಬ ಗೊಬ್ಬರದ ಸಮೇತ ಇನ್ನೊಂದೆಡೆ ಬೀಳುತ್ತದೆ. ಹೀಗೆ ಒಂದೇ ಆಡು ಒಂದು ಮರವನ್ನು ಮೇಯುತ್ತದೆ, ಇನ್ನೊಂದನ್ನು ಬಿತ್ತುತ್ತದೆ. ಒಂಟೆ, ಕತ್ತೆಗಳದ್ದೂ ಇದೇ ಕೆಲಸ. ಮಿಕ್ಕಿದ್ದನ್ನು ವಾದಿಯ ನೆರೆ ಹೊತ್ತೊಯ್ಯುತ್ತದೆ. ಆ ಕಾಯಿಯೇ ಆಹಾರವಾದರೆ ಆಡಿನ ಹಲ್ಲೂ ಉಳಿಯುವುದಿಲ್ಲ: ಕೀನ್ಯಾದ ಬರಿಂಗೋದ ಪಶುಪಾಲಕರು 2006ರಲ್ಲಿ ಸರ್ಕಾರದ ಮೇಲೆ ದಾವೆ ಹೂಡಿ, ಹಲ್ಲುದುರಿದ ಆಡೊಂದನ್ನು ನ್ಯಾಯಾಲಯಕ್ಕೇ ಸಾಕ್ಷಿಯಾಗಿ ತಂದಿದ್ದರು.

ತೆಗೆಯುವುದು ಸುಲಭವಲ್ಲ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಬರುತ್ತವೆ. ಚಿಗುರುವ ಮೊಗ್ಗುಗಳು ಮಣ್ಣಿನೊಳಗೆ, ಬುಡದ ಸುತ್ತಲೇ ಇರುತ್ತವೆ. ಒಂದಡಿಯಷ್ಟು ಆಳಕ್ಕೆ ಅಗೆದು ಬೊಡ್ಡೆ ಸಮೇತ ಕೀಳಬೇಕು, ಇಲ್ಲವೇ ಕಡಿದ ಕೂಡಲೇ ಬೊಡ್ಡೆಗೆ ಕಳೆನಾಶಕ ಹಚ್ಚಬೇಕು. ಆಮೇಲೂ ಮಣ್ಣಿನಲ್ಲಿ ಉಳಿದ ಬೀಜ ವರ್ಷಗಟ್ಟಲೆ ಕಾದು ಮೊಳೆಯುತ್ತದೆ. ಒಂದು ದಿನ ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು ಮರುವರ್ಷ ಆ ಕಡೆ ತಲೆ ಹಾಕದ ಅಭಿಯಾನಗಳಿಂದ ಜಾಲಿಗೆ ಲಾಭವೇ ಹೆಚ್ಚೆಂದು ನನ್ನ ಅಭಿಪ್ರಾಯ. ಸುಡಾನ್ 1995ರಲ್ಲಿ ನಿರ್ಮೂಲನಕ್ಕೆ ಕಾನೂನನ್ನೇ ತಂದಿತು. ಮರ ಅಲ್ಲಿ ಇನ್ನೂ ಇದೆ. ತಮಿಳುನಾಡಿನಲ್ಲಿ 2017ರಲ್ಲಿ ಹೈಕೋರ್ಟಿನ ಮದುರೈ ಪೀಠ ಕಿತ್ತುಹಾಕಲು ಆದೇಶಿಸಿತು, ಅದೇ ವರ್ಷ ಚೆನ್ನೈ ಪೀಠ ತಡೆ ಕೊಟ್ಟಿತು.

ಇನ್ನೊಂದು ಮಾತನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಜಾಲಿ ಕಡಿದು ಇದ್ದಿಲು ಸುಟ್ಟು, ಸೌದೆ ಮಾರಿ ಒಲೆ ಹಚ್ಚಿಕೊಳ್ಳುವ ಬಡವರಿದ್ದಾರೆ. ಹೊಲದ ಬೇಲಿಗೂ ಅದೇ ಮುಳ್ಳು. ಅಲ್ಲಿ ಒಮ್ಮೆಲೇ ಕಿತ್ತುಹಾಕಿ ಎನ್ನುವುದು ಮಸ್ಕತ್ತಿನಲ್ಲಿ ಗ್ಯಾಸ್ ಒಲೆಯ ಮುಂದೆ ನಿಂತವರಿಗೆ ಸಲೀಸು. ರುಸೈಲ್‌ನಲ್ಲಿ ಆ ಅಡಚಣೆಯಿಲ್ಲ, ಯಾರ ಅನ್ನವೂ ಅದರ ಮೇಲೆ ನಿಂತಿಲ್ಲ. ಇಲ್ಲಿನ ಅಪಾಯ ಬೇರೆಯದು: ಜಾಲಿಯೆಂದು ತಿಳಿದು ಗಾಫ್‌ಗೇ ಕೊಡಲಿ ಹಾಕುವುದು. ಕಾಡುಮರ ಕಡಿಯುವುದನ್ನು ಒಮಾನಿನ 2003ರ ವನ್ಯಜೀವಿ ಸಂರಕ್ಷಣಾ ಕಾನೂನು ನಿಷೇಧಿಸಿದೆ. ಕಾನೂನಿಗಿಂತ ಹೆಚ್ಚಿನದು ಮರದ ವಯಸ್ಸು. ಕಡಿದ ಹಳೆಯ ಗಾಫ್ ನಮ್ಮ ಮಕ್ಕಳ ಕಾಲಕ್ಕೂ ಮತ್ತೆ ಅಷ್ಟಾಗುವುದಿಲ್ಲ.

ವಿಜ್ಞಾನಿಗಳಾದರೂ ಈಗ ಎರಡನ್ನೂ ಬೇರೆ ಮಾಡಿದ್ದಾರೆ. 2022ರಲ್ಲಿ ಪ್ರೊಸೋಪಿಸ್ ಕುಲವನ್ನು ಒಡೆದಾಗ ಆ ಹಳೆಯ ಹೆಸರು ಬನ್ನಿಗೇ ಉಳಿಯಿತು. ಜಾಲಿ ನೆಲ್ಟುಮಾ ಎಂಬ ಕುಲಕ್ಕೆ ಹೋಯಿತು. ನಾವು ಗುರುತಿಸಲು ಪುಸ್ತಕವೇನೂ ಬೇಡ. ಶರ್ಕಿಯಾದ ಮರಳುಸೀಮೆಯಿಂದ ಬಂದ ನನ್ನ ಒಮಾನಿ ಸಹೋದ್ಯೋಗಿಯೊಬ್ಬರು ತೋರಿಸಿಕೊಟ್ಟ ರೀತಿ ಇದು. ರೆಂಬೆಯನ್ನು ಕೈಗೆತ್ತಿಕೊಂಡು ಎಲೆ ಹುಟ್ಟುವ ಗಿಣ್ಣನ್ನು ನೋಡಿ. ಗಿಣ್ಣಿನಲ್ಲೇ ಉದ್ದ ಮುಳ್ಳುಗಳು, ಹೆಚ್ಚಾಗಿ ಜೋಡಿಯಾಗಿದ್ದರೆ, ಜಾಲಿ. ಗಿಣ್ಣು ಬಿಟ್ಟು ಕಡ್ಡಿಯುದ್ದಕ್ಕೂ ಅಲ್ಲಲ್ಲಿ ಗಿಡ್ಡ, ಬುಡ ಅಗಲದ ಮುಳ್ಳುಗಳಿದ್ದರೆ ಅದು ಗಾಫ್. ಅದರ ಎಲೆ ತುಸು ಬೂದು ಹಸಿರು, ಕಾಯಿ ತೆಳ್ಳಗೆ ಜೋತುಬೀಳುತ್ತದೆ; ಜಾಲಿಯ ಕಾಯಿ ದಪ್ಪ, ಹಣ್ಣಾದಾಗ ಹಳದಿ. ಈ ದಸರೆಗೆ ನಾಲ್ಕು ಎಲೆ ಬೇಕಿದ್ದರೆ ಮನೆಯ ಅಂಗಳದಲ್ಲಿ ಗಾಫ್ ಇರುವ ಒಮಾನಿ ನೆರೆಯವರನ್ನು ಕೇಳಿ. ನಾನು ಕೇಳಿದಾಗ ಅವರು ಎಲೆಯ ಜೊತೆಗೆ ಖರ್ಜೂರ, ಕಹ್ವಾ ಕೊಟ್ಟು, ನಿಮ್ಮ ದೇಶದಲ್ಲೂ ಗಾಫ್ ಇದೆಯೇ ಎಂದು ಅರ್ಧ ಗಂಟೆ ವಿಚಾರಿಸಿದರು.