ಶಸ್ತ್ರವೈದ್ಯರಿಗೂ ಒಂದು ಅಂಕಪಟ್ಟಿ

ಪರೀಕ್ಷೆ ಮುಗಿದ ಮೇಲೆ ನಿಮ್ಮ ಅಂಕಗಳನ್ನು ಸೂಚನಾ ಫಲಕದಲ್ಲಿ ಹಾಕುತ್ತಾರಲ್ಲವೆ? ಹೃದಯದ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಫಲಿತಾಂಶವನ್ನೂ ಹೀಗೆಯೇ ಹೆಸರು ಸಮೇತ ಪ್ರಕಟಿಸಿದರೆ ಏನಾದೀತು? ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1991ರಲ್ಲಿ ಇದು ನಡೆದೇ ಹೋಯಿತು.

ವಿಚಾರ ಮಾತ್ರ ಹಳೆಯದು. ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, ಪ್ರತಿ ರೋಗಿಯ ಹೆಸರಿನಲ್ಲೂ ಒಂದು ಕಾರ್ಡು ಇಟ್ಟು, ಚಿಕಿತ್ಸೆಯ ಅಂತಿಮ ಫಲವನ್ನು ಬರೆದಿಡಬೇಕೆಂದು ವಾದಿಸಿದರು. 1911ರಿಂದ 1916ರವರೆಗೆ ತಮ್ಮ ಸಣ್ಣ ಆಸ್ಪತ್ರೆಯಿಂದ ಮನೆಗೆ ತೆರಳಿದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿದರು! ಸಹೋದ್ಯೋಗಿಗಳಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನ್ಯೂಯಾರ್ಕಿನ ಆರೋಗ್ಯ ಇಲಾಖೆ 1989ರಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗಳ ವಿವರ ಕಲೆಹಾಕತೊಡಗಿತು. ಮೊದಲು ಆಸ್ಪತ್ರೆಗಳ ಲೆಕ್ಕ ಮಾತ್ರ ಹೊರಬಂತು. ವೈದ್ಯರ ಹೆಸರುಗಳನ್ನು ಇಲಾಖೆ ಗುಟ್ಟಾಗಿಟ್ಟಿತು. 'ನ್ಯೂಸ್‌ಡೇ' ಪತ್ರಿಕೆ ಮಾಹಿತಿ ಹಕ್ಕಿನ ಕಾನೂನಿನಡಿ ನ್ಯಾಯಾಲಯಕ್ಕೆ ಹೋಗಿ ಗೆದ್ದಿತು. 1991ರ ಡಿಸೆಂಬರಿನಲ್ಲಿ ಹೆಸರುಗಳು ಪತ್ರಿಕೆಯಲ್ಲಿ ಬಂದವು.

ಇಲ್ಲೊಂದು ತೊಡಕಿದೆ, ಗಮನಿಸಿ. ಒಬ್ಬರು ಎಂಬತ್ತು ದಾಟಿದ, ಹೃದಯ ಸೋತ ರೋಗಿಗಳನ್ನು ಕೈಗೆತ್ತಿಕೊಳ್ಳುತ್ತಾರೆ; ಇನ್ನೊಬ್ಬರ ಬಳಿ ಬರುವವರೆಲ್ಲ ನಡುವಯಸ್ಸಿನ ಗಟ್ಟಿಗರು. ಸಾವುಗಳನ್ನಷ್ಟೇ ಎಣಿಸಿದರೆ ಮೊದಲನೆಯವರಿಗೆ ಅನ್ಯಾಯವಾಗುತ್ತದೆ. ಆದುದರಿಂದ ವಯಸ್ಸು, ಇತರ ರೋಗಗಳು, ಹೃದಯದ ಬಲ ಇವನ್ನೆಲ್ಲ ತೂಗಿ, ಇಂಥ ರೋಗಿಗಳಲ್ಲಿ ನಿರೀಕ್ಷಿಸಬಹುದಾದ ಸಾವೆಷ್ಟು, ಆದದ್ದೆಷ್ಟು ಎಂದು ಇಲಾಖೆ ಹೋಲಿಸಿತು. ಹತ್ತೇ ಶಸ್ತ್ರಚಿಕಿತ್ಸೆ ಮಾಡಿದವರಲ್ಲಿ ಒಂದು ಸಾವು ಕೂಡ ಶೇಕಡಾ 10 ಆಗಿಬಿಡುತ್ತದೆ. ಅದಕ್ಕಾಗಿ ಮುಂದೆ ಮೂರು ವರ್ಷಗಳ ಲೆಕ್ಕವನ್ನು ಒಟ್ಟುಗೂಡಿಸಿದರು.

ಆಲ್ಬನಿಯ ಸೇಂಟ್ ಪೀಟರ್ಸ್ ಆಸ್ಪತ್ರೆಯ ಕಥೆ ಕೇಳಿ. 1992ರಲ್ಲಿ ಅಲ್ಲಿ ತುರ್ತು ಬೈಪಾಸ್‌ಗೆ ಒಳಗಾದ 42 ಮಂದಿಯಲ್ಲಿ 11 ಮಂದಿ ತೀರಿಕೊಂಡರು. ಪರಿಶೀಲಿಸಿದಾಗ ದೋಷ ಕಂಡದ್ದು ವೈದ್ಯರ ಕೈಯಲ್ಲಲ್ಲ, ಅವಸರದಲ್ಲಿ! ರೋಗಿಯ ಸ್ಥಿತಿಯನ್ನು ಮೊದಲು ಹತೋಟಿಗೆ ತರದೆ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಿದ್ದರು. ಕ್ರಮ ಬದಲಾಯಿತು. 1993ರಲ್ಲಿ ಇಂಥ 54 ರೋಗಿಗಳಲ್ಲಿ ಒಬ್ಬರೂ ಸಾಯಲಿಲ್ಲ. ಇಡೀ ರಾಜ್ಯದಲ್ಲೂ, ರೋಗದ ತೀವ್ರತೆಯನ್ನು ಪರಿಗಣಿಸಿದ ಸಾವಿನ ಪ್ರಮಾಣ 1989ರ ಶೇಕಡಾ 4.17ರಿಂದ 1992ಕ್ಕೆ 2.45ಕ್ಕೆ ಇಳಿಯಿತು.

ಇದೆಲ್ಲ ಪ್ರಕಟಣೆಯ ಫಲವೇ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೆರೆಯ ಪೆನ್ಸಿಲ್ವೇನಿಯದಲ್ಲೂ ಇಂಥ ಪಟ್ಟಿ ಹೊರಡುತ್ತಿತ್ತು. ಅಲ್ಲಿನ ಹೃದಯ ಶಸ್ತ್ರವೈದ್ಯರನ್ನು ವಿಚಾರಿಸಿ 1996ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತೀರ ಹದಗೆಟ್ಟ ರೋಗಿಗಳನ್ನು ತೆಗೆದುಕೊಳ್ಳಲು ಈಗ ಹಿಂಜರಿಯುತ್ತೇವೆ ಎಂದವರು ಶೇಕಡಾ 63. ಹೀಗೆ ವಾಪಸು ಹೋದ ರೋಗಿ ಬದುಕಿದನೋ ಸತ್ತನೋ, ಆ ಅಂಕಪಟ್ಟಿಯಲ್ಲಿ ಅವನಿಗೆ ಕಾಲಮ್ಮೇ ಇರಲಿಲ್ಲ.