ಕಾಲ್ಚೆಂಡಾಟದ ಪ್ರಸಾರ ಹಕ್ಕುಗಳು ಮತ್ತು ಮನೆಯ ಪ್ರೇಕ್ಷಕ: ಚಿತ್ರದುರ್ಗ ಸೀಮೆ

ಒಂದು ಪಂದ್ಯಾವಳಿಯ ದೃಶ್ಯಗಳನ್ನು ನಿರ್ದಿಷ್ಟ ಭೂಪ್ರದೇಶದಲ್ಲಿ, ನಿಯಮಿತ ಅವಧಿಯವರೆಗೆ, ತಾನೊಬ್ಬನೇ ಬಿತ್ತರಿಸುವ ಅಧಿಕಾರವನ್ನು ಆಟದ ಮಂಡಲಿಯಿಂದ ಹಣ ತೆತ್ತು ಪಡೆಯುವ ಕರಾರಿಗೆ ಪ್ರಸಾರ ಹಕ್ಕೆಂದು ಹೆಸರು. ಈ ಕರಾರುಗಳಿಗೆ ರುಜು ಬೀಳುವುದು ಜ್ಯೂರಿಕ್, ಲಂಡನ್, ಮುಂಬಯಿಗಳಲ್ಲಿ. ಅವುಗಳ ಫಲವನ್ನು ಉಣ್ಣುವವರಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಯವರೂ ಸೇರಿದ್ದಾರೆ. ಈ ಸೀಮೆ ಕಾಲ್ಚೆಂಡಾಟದ ನೆಲೆವೀಡೇನೂ ಅಲ್ಲ. ಕರ್ನಾಟಕದಲ್ಲಿ ಆ ಕೀರ್ತಿ ಬೆಂಗಳೂರಿನ ದಂಡುಪ್ರದೇಶಕ್ಕೂ ಕೋಲಾರದ ಚಿನ್ನದ ಗಣಿಗೂ ಸಲ್ಲತಕ್ಕದ್ದು. ದುರ್ಗದ ಮೈದಾನಗಳಲ್ಲಿ ಕ್ರಿಕೆಟ್ಟು, ಕಬಡ್ಡಿ, ವಾಲಿಬಾಲುಗಳದೇ ಮೇಲುಗೈ. ಆದಕಾರಣವೇ ಇಲ್ಲಿನ ಅನುಭವ ವಿಚಾರಾರ್ಹವಾದುದು. ಅಭಿಮಾನಿಗಳು ಅಲ್ಪಸಂಖ್ಯಾತರಾಗಿರುವ ಕಡೆ ಅವರ ಅಪೇಕ್ಷೆಯನ್ನು ಯಾವ ವ್ಯಾಪಾರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ರಿಕೆಟ್ಟಿಗಾಗಿ ನಡೆದ ಚೌಕಾಶಿಯ ಬೆನ್ನಿಗೆ ಕಾಲ್ಚೆಂಡಾಟ ಬಂದರೆ ಬಂತು, ಹೋದರೆ ಹೋಯಿತು.

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. ಮರುವರ್ಷ ದೆಹಲಿಯ ಏಷ್ಯನ್ ಕ್ರೀಡೆಗಳ ನಿಮಿತ್ತವಾಗಿ ಬಣ್ಣದ ಚಿತ್ರ ಬಂದಿತು. 1984ರ ಸುಮಾರಿಗೆ ಅಲ್ಪಶಕ್ತಿಯ ಮರುಪ್ರಸಾರ ಯಂತ್ರಗಳು ದೇಶದ ಸಣ್ಣ ಪಟ್ಟಣಗಳಲ್ಲೆಲ್ಲ ತಲೆಯೆತ್ತಿದವು. ಇಂಥ ಯಂತ್ರದ ಸಂಕೇತ ಹತ್ತಿಪ್ಪತ್ತು ಕಿಲೋಮೀಟರಿನಾಚೆ ಮಸುಕಾಗುತ್ತಿದ್ದುದರಿಂದ, ದೂರದ ಊರುಗಳವರು ಮಾಳಿಗೆಯ ಮೇಲೆ ಕಬ್ಬಿಣದ ಕೊಳವೆ ನೆಟ್ಟು, ಅದರ ತುದಿಗೆ ಆಂಟೆನಾ ಕಟ್ಟಿ, ಒಬ್ಬನನ್ನು ಮೇಲೆ ಹತ್ತಿಸುವುದು ಅನಿವಾರ್ಯವಾಗಿತ್ತು. ಮೇಲಿನವನು ‘ಬಂತೇನೋ?’ ಎಂದು ಕೂಗುವುದು, ಕೆಳಗಿನಿಂದ ‘ಗೆರೆ ಬರ್ತೈತೆ, ಇನ್ನೊಂಚೂರು ತಿರುಗ್ಸು’ ಎಂದು ಉತ್ತರ ಬರುವುದು, ಆ ಕಾಲದ ಪ್ರೇಕ್ಷಕನಿಗೆ ಪಂದ್ಯದ ಪೂರ್ವಾಂಗವೇ ಆಗಿಹೋಗಿತ್ತು.

1986ರ ಮೆಕ್ಸಿಕೊ ವಿಶ್ವಕಪ್ಪನ್ನು ದೂರದರ್ಶನವು ನೇರವಾಗಿ ತೋರಿಸಿದುದು ಭಾರತದ ಕಾಲ್ಚೆಂಡಾಟದ ಟಿ.ವಿ. ಪ್ರೇಕ್ಷಕವರ್ಗದ ನಿಜವಾದ ಜನ್ಮಕಾಲ. ಅಲ್ಲಿ ನಡುಹಗಲಿಗೆ ಮೊದಲಾದ ಆಟ ಇಲ್ಲಿ ರಾತ್ರಿ ಹನ್ನೊಂದೂವರೆಗೆ ಕಾಣುತ್ತಿತ್ತು. ಅಪರಾಹ್ನದ್ದು ಬೆಳಗಿನ ಜಾವ ಮೂರೂವರೆಗೆ. ಜೂನ್ 29ರ ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿ ಎರಡು ಗೋಲುಗಳ ಹಿನ್ನಡೆಯನ್ನು ತುಂಬಿಕೊಂಡು ಸಮನಾಗಿ ನಿಂತಿರಲು, ಅರ್ಜೆಂಟೀನದ ಮರಡೋನ ತಳ್ಳಿಕೊಟ್ಟ ಚೆಂಡನ್ನು ಬುರುಚಾಗ ಒಯ್ದು ಗೋಲಿಗೆ ಸೇರಿಸಿದಾಗ ನಮ್ಮ ಗಡಿಯಾರದಲ್ಲಿ ಒಂದು ಗಂಟೆ ಮೀರಿತ್ತು. ನಿದ್ರೆಯ ಹೊರತು ಪ್ರೇಕ್ಷಕನು ಈ ದರ್ಶನಕ್ಕಾಗಿ ಪ್ರತ್ಯೇಕವಾಗಿ ತೆತ್ತುದೇನೂ ಇಲ್ಲ.

ಇದಕ್ಕೆ ಕಾರಣ ದೂರದರ್ಶನದ ಔದಾರ್ಯವೆಂದು ಬಗೆಯಬೇಕಾಗಿಲ್ಲ. ಹಕ್ಕಿನ ಬೆಲೆಯೇ ಕಡಿಮೆಯಾಗಿತ್ತು. 1990, 1994, 1998ರ ಮೂರು ವಿಶ್ವಕಪ್ಪುಗಳ ಹಕ್ಕನ್ನು ಫಿಫಾ ಸಂಸ್ಥೆ ಸಾರ್ವಜನಿಕ ಪ್ರಸಾರಕರ ಒಕ್ಕೂಟಗಳಿಗೆ ಒಟ್ಟು 34 ಕೋಟಿ ಸ್ವಿಸ್ ಫ್ರಾಂಕುಗಳಿಗೆ ಕೊಟ್ಟಿತ್ತು. 2002, 2006ರ ಎರಡೇ ಕಪ್ಪುಗಳಿಗೆ ಜರ್ಮನಿಯ ಕಿರ್ಖ್ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಐ.ಎಸ್.ಎಲ್. ಎಂಬ ವ್ಯಾಪಾರಸಂಸ್ಥೆಯೂ (ನಮ್ಮ ಇಂಡಿಯನ್ ಸೂಪರ್ ಲೀಗಿಗೂ ಇದಕ್ಕೂ ಸಂಬಂಧವಿಲ್ಲ) ಸೇರಿ 280 ಕೋಟಿ ಫ್ರಾಂಕು ಒಪ್ಪಿಕೊಂಡವು. ಇಷ್ಟು ತೆತ್ತು ಕೊಂಡವರು ಅದನ್ನು ದೇಶದೇಶಗಳಲ್ಲಿ ಚಿಲ್ಲರೆಯಾಗಿ ಮಾರಲೇಬೇಕಾಯಿತು. ಆದರೂ ಗೆದ್ದುಕೊಳ್ಳಲಾರದೆ 2001ರಲ್ಲಿ ಒಂದು, 2002ರಲ್ಲಿ ಇನ್ನೊಂದು ದಿವಾಳಿಯೆದ್ದವು. ಭಾರತದಲ್ಲಿ 2002ರ ಏಪ್ರಿಲ್‌ನಲ್ಲಿ ಹುಟ್ಟಿದ ಟೆನ್ ಸ್ಪೋರ್ಟ್ಸ್ ವಾಹಿನಿಗೆ ಆ ವರ್ಷದ ವಿಶ್ವಕಪ್ಪೇ ಮೂಲಧನ. ಕೊರಿಯ, ಜಪಾನುಗಳಲ್ಲಿ ನಡೆದ ಆ ಪಂದ್ಯಗಳು ನಮಗೆ ಮಧ್ಯಾಹ್ನ ಹನ್ನೆರಡಕ್ಕೆ, ಎರಡೂವರೆಗೆ, ಸಂಜೆ ಐದಕ್ಕೆ ಬರುತ್ತಿದ್ದವು. ನಿದ್ದೆಗೆಟ್ಟು ನೋಡಬೇಕಾಗಿದ್ದಾಗ ಪುಕ್ಕಟೆಯಾಗಿದ್ದ ಆಟ, ಊಟ ಮುಗಿಸಿ ಕುಳಿತು ನೋಡಬಹುದಾದಾಗ ಹಣದ ವಾಹಿನಿಗೆ ಹೋಯಿತೆಂಬುದು ವಿಚಿತ್ರವಾದರೂ ನಿಜ. ಮನೆಯವನ ಭಾಗಕ್ಕೆ ಹಕ್ಕುದಾರನೆಂದರೆ ಅಂದಿನಿಂದ ಬೀದಿಯ ಕೇಬಲ್‌ನವನೇ; ಅವನು ವಾಹಿನಿಯನ್ನು ಕೊಂಡಿದ್ದರೆ ವಿಶ್ವಕಪ್ ಉಂಟು, ಇಲ್ಲವಾದರೆ ಇಲ್ಲ.

ನ್ಯಾಯಾಲಯಗಳೂ ಶಾಸನಸಭೆಯೂ ಈ ವಿಷಯದಲ್ಲಿ ಕೈಯಾಡಿಸಿದುದು ಮುಖ್ಯವಾಗಿ ಕ್ರಿಕೆಟ್ಟಿನ ನೆಪದಿಂದ. 1993ರ ಹೀರೊ ಕಪ್ ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1995ರ ಫೆಬ್ರವರಿಯಲ್ಲಿ ತೀರ್ಪಿತ್ತು, ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸಾರಿತು. 2007ರ ಕಾಯಿದೆಯು, ರಾಷ್ಟ್ರೀಯ ಮಹತ್ತ್ವದವೆಂದು ಸರ್ಕಾರ ಪಟ್ಟಿಮಾಡಿದ ಪಂದ್ಯಗಳ ಸಂಕೇತವನ್ನು ಖಾಸಗಿ ವಾಹಿನಿಗಳು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳತಕ್ಕದ್ದೆಂದು ವಿಧಿಸಿತು; ಕಾಲ್ಚೆಂಡಾಟದ ವಿಶ್ವಕಪ್ಪಿನ ಉಪಾಂತ್ಯ, ಅಂತಿಮ ಪಂದ್ಯಗಳು ಆ ಪಟ್ಟಿಯಲ್ಲಿ ಸೇರಿದವು. ಆದರೆ ಸರ್ವೋಚ್ಚ ನ್ಯಾಯಾಲಯದ 2017ರ ಆಗಸ್ಟ್ 22ರ ತೀರ್ಪು, ಹೀಗೆ ಹಂಚಿಕೊಂಡ ಸಂಕೇತವು ದೂರದರ್ಶನದ ಸ್ವಂತ ಭೂಪ್ರಸಾರಕ್ಕೂ ಡಿಡಿ ಫ್ರೀ ಡಿಶ್‌ಗೂ ಮಾತ್ರ ಮೀಸಲು, ಕೇಬಲ್ಲಿನ ಮೂಲಕ ಹರಿಯಕೂಡದು ಎಂದಿತು. ಇದರ ಪರಿಣಾಮವಾಗಿ, ತೋಟದ ಮನೆಯ ಮೇಲೆ ಒಮ್ಮೆ ಡಿಶ್ ನಿಲ್ಲಿಸಿ ಮುಂದೆ ಕಾಸು ಕೊಡದವನಿಗೆ ದೊರೆಯುವ ಪಂದ್ಯ, ಪೇಟೆಯಲ್ಲಿ ತಿಂಗಳು ತಿಂಗಳೂ ಕೇಬಲ್ ಹಣ ಕಟ್ಟುವವನಿಗೆ ಅದೇ ದೂರದರ್ಶನದಲ್ಲಿ ದೊರೆಯದಂತಾಯಿತು. ಕಾನೂನಿನ ದೃಷ್ಟಿಯಿಂದ ಇದು ಸುಸಂಗತವೇ ಇರಬಹುದು. ಮನೆಯವನಿಗೆ ವಿವರಿಸಿ ಒಪ್ಪಿಸುವುದು ಕಷ್ಟ.

2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷದಲ್ಲಿಯೇ ಅಂದಿನ ರಾಷ್ಟ್ರೀಯ ಲೀಗಾದ ಐ-ಲೀಗನ್ನು ಗೆದ್ದುದರಿಂದ, ಅರ್ಜೆಂಟೀನ, ಬ್ರೆಜಿಲುಗಳನ್ನಷ್ಟೇ ಬಲ್ಲ ಒಳನಾಡಿನವರಿಗೂ ತಮ್ಮದೆನ್ನಬಹುದಾದ ತಂಡವೊಂದು ದೊರಕಿತು. ಆ ಲೀಗು ಟೆನ್ ವಾಹಿನಿಗಳಲ್ಲಿ ಬರುತ್ತಿತ್ತು. 2016ರಲ್ಲಿ ಆ ವಾಹಿನಿಗಳು ಸೋನಿಗೆ ಮಾರಾಟವಾದವು. 2017ರಲ್ಲಿ ತಂಡವು ಇಂಡಿಯನ್ ಸೂಪರ್ ಲೀಗಿಗೆ ಸೇರಿದಾಗ ಅಭಿಮಾನಿಯೂ ಅದರ ಹಿಂದೆ ಸ್ಟಾರ್ ವಾಹಿನಿಗಳ ಕಡೆಗೆ ವಲಸೆ ಹೋಗಬೇಕಾಯಿತು. ಈ ವಲಸೆಯಿಂದ ಒಂದು ಲಾಭವೂ ಆಯಿತೆಂದು ಒಪ್ಪಬೇಕು: ಸುವರ್ಣ ಪ್ಲಸ್ ವಾಹಿನಿಯಲ್ಲಿ ಕಾಲ್ಚೆಂಡಾಟದ ವಿವರಣೆ ಕನ್ನಡದಲ್ಲಿ ಕೇಳಿಬಂದಿತು, 2018ರ ಕೊನೆಗೆ ಕನ್ನಡದ್ದೇ ಕ್ರೀಡಾವಾಹಿನಿಯೊಂದು ಮೊದಲಾಯಿತು. ಭಾಷೆಯ ಈ ಸೌಲಭ್ಯವೂ ಹಕ್ಕಿನ ಜೊತೆಗೇ ಕೈಬದಲಾಯಿಸತಕ್ಕದ್ದು. 2022ರ ವಿಶ್ವಕಪ್ಪಿಗೆ ಮಲೆಯಾಳ, ಬಂಗಾಳಿ, ತಮಿಳುಗಳಲ್ಲಿ ವಿವರಣೆಯಿದ್ದಿತು, ಕನ್ನಡದಲ್ಲಿ ಇರಲಿಲ್ಲ. ಕಾಸರಗೋಡಿನ ಕನ್ನಡಿಗನು ನೆರೆಯ ಮಲೆಯಾಳವನ್ನು ಕೇಳಿ ಸಂತೋಷಪಟ್ಟಾನು. ಹಿರಿಯೂರಿನವನಿಗೆ ಇಂಗ್ಲಿಷು, ಹಿಂದಿಗಳೇ ಗತಿ.

ಹಕ್ಕಿನ ಬೆಲೆ ಅತ್ಯಂತ ಪ್ರತ್ಯಕ್ಷವಾಗಿ ಮನೆಯೊಳಗೆ ಬಂದುದು 2019ರ ಫೆಬ್ರವರಿಯಲ್ಲಿ. ಅಷ್ಟರೊಳಗೆ ಕೇಬಲ್ಲು ಡಿಜಿಟಲ್ ಆಗಿ ಪ್ರತಿ ಮನೆಗೂ ಬಾಕ್ಸು ಬಂದಿದ್ದಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಜಾರಿಗೆ ತಂದ ಹೊಸ ದರಪದ್ಧತಿಯು, ಮೊದಲ ನೂರು ವಾಹಿನಿಗಳಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಎಂಬ ಮೂಲಶುಲ್ಕವನ್ನು ಗೊತ್ತುಮಾಡಿ, ಅದರ ಮೇಲೆ ಹಣದ ವಾಹಿನಿಗಳನ್ನು ಗ್ರಾಹಕನು ತಾನೇ ಆರಿಸಿಕೊಳ್ಳಲಿ ಎಂದಿತು. ಕೇಬಲ್‌ನವರು ಮನೆಮನೆಗೆ ತಂದಿತ್ತ ಪಟ್ಟಿಯ ಮುಂದೆ ಕುಟುಂಬವೆಲ್ಲ ಕುಳಿತು ಗುರುತು ಹಾಕತೊಡಗಿದಾಗ, ತಾಯಿಗೆ ಧಾರಾವಾಹಿ, ಅಜ್ಜನಿಗೆ ವಾರ್ತೆ, ಮಕ್ಕಳಿಗೆ ಕಾರ್ಟೂನು, ಎಲ್ಲರಿಗೂ ಸೇರಿ ಕ್ರಿಕೆಟ್ಟು ಎಂದು ಲೆಕ್ಕ ಏರುತ್ತ ಹೋಗಿ, ಕಾಲ್ಚೆಂಡಾಟದ ಸರದಿ ಬರುವ ವೇಳೆಗೆ ಮನೆಯ ಯಜಮಾನನ ಸಹನೆ ತೀರಿರುತ್ತಿತ್ತು. ಹಲವು ವಾಹಿನಿಗಳನ್ನು ಒಟ್ಟಾಗಿ ಮಾರುವ ಗೊಂಚಲಿನಲ್ಲಿ ಸೇರಬಹುದಾದ ವಾಹಿನಿಗೆ 19 ರೂಪಾಯಿಯ ಮಿತಿಯಿದ್ದಿತು. ಕ್ರಿಕೆಟ್ಟಿನ ಮುಖ್ಯ ವಾಹಿನಿ ಆ ಬೆಲೆಯಲ್ಲಿಯೇ ನಿಂತಿತು. ಆದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗು ಇದ್ದುದು ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್ ಎಂಬ ಬೇರೆ ವಾಹಿನಿಗಳಲ್ಲಿ, ಯೂರೋಪಿನ ಚಾಂಪಿಯನ್ಸ್ ಲೀಗು ಸೋನಿಯಲ್ಲಿ. ಶನಿವಾರ ಸಂಜೆ ತೆರೆ ಕಪ್ಪಾಗಿ ನಿಂತಾಗ ಹುಡುಗನು ಕೇಬಲ್‌ನವನಿಗೆ ಫೋನು ಮಾಡಿ ‘ಅಣ್ಣಾ, ಯಾಕೆ ಬರ್ತಿಲ್ಲ?’ ಎಂದರೆ, ‘ಅದು ನಿಮ್ಮ ಪ್ಯಾಕ್‌ನಾಗಿಲ್ಲಪ್ಪ, ಬೇರೆ ಹಾಕಿಸ್ಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಆಯ್ಕೆಯ ಸ್ವಾತಂತ್ರ್ಯವೆಂದು ಘೋಷಿತವಾದುದು ಮನೆಯ ಅಲ್ಪಸಂಖ್ಯಾತ ಸದಸ್ಯನಿಗೆ ನಷ್ಟವಾಗಿಯೇ ಪರಿಣಮಿಸಿತು. ಹಳೆಯ ಕೇಬಲ್ಲಿನ ಒಟ್ಟು ಬೆಲೆಯ ಅವ್ಯವಸ್ಥೆಯಲ್ಲಿ ಅವನಿಗೂ ಒಂದು ಪಾಲು ಕೇಳದೆಯೇ ಸಿಕ್ಕುತ್ತಿದ್ದಿತು.

ಇದೇ ಹೊತ್ತಿಗೆ ಆಟವು ಟಿ.ವಿ.ಯನ್ನು ಬಿಟ್ಟು ಫೋನಿಗೆ ಇಳಿಯುವುದೂ ಮೊದಲಾಗಿತ್ತು. ಸ್ಪೇನಿನ ಲಾ ಲಿಗಾ 2018ರಿಂದ ಮೂರು ಋತುಗಳ ಕಾಲ ಭಾರತದಲ್ಲಿ ಫೇಸ್‌ಬುಕ್ಕಿನಲ್ಲಿ ಉಚಿತವಾಗಿ ಬಂದಿತು; 2021ರಲ್ಲಿ ವಯಾಕಾಂ18 ಅದನ್ನು ಕೊಂಡು ಹಾಡುಕುಣಿತಕ್ಕೆ ಹೆಸರಾದ ಎಂಟಿವಿಯಲ್ಲಿ ತೋರಿಸಿತು. ಅದೇ ಸಂಸ್ಥೆ 2022ರ ವಿಶ್ವಕಪ್ಪನ್ನು ಸ್ಪೋರ್ಟ್ಸ್18 ಎಂಬ ತನ್ನ ಹೊಸ ವಾಹಿನಿಯಲ್ಲಿಯೂ, ಜಿಯೋಸಿನಿಮಾದಲ್ಲಿ ಪುಕ್ಕಟೆಯಾಗಿಯೂ ನೀಡಿತು. ಮೊದಲ ದಿನ ಚಿತ್ರವು ನಿಂತು ನಿಂತು ಸುತ್ತಿ ಜನರನ್ನು ರೇಗಿಸಿತಾದರೂ, ಡಿಸೆಂಬರ್ 18ರ ರಾತ್ರಿ ಎಂಟೂವರೆಯ ಅಂತಿಮ ಪಂದ್ಯವನ್ನು ಫೋನಿದ್ದವರೆಲ್ಲ ನೋಡಬಹುದಾಗಿತ್ತು. 1986ರ ಬಳಿಕ ಇಷ್ಟು ಸುಲಭವಾಗಿ ವಿಶ್ವಕಪ್ ಈ ಸೀಮೆಯ ಮನೆಗಳಿಗೆ ಬಂದುದು ವಿರಳವೇ. ಇದೂ ಕಾಲ್ಚೆಂಡಾಟದ ಮೇಲಿನ ಪ್ರೀತಿಯಿಂದ ನಡೆದುದಲ್ಲ. ಮರುವರ್ಷದ ಐಪಿಎಲ್‌ನ ಅಂತರ್ಜಾಲ ಹಕ್ಕು ಆಗಲೇ ಆ ಸಂಸ್ಥೆಯ ಕೈಯಲ್ಲಿದ್ದು, ಅದಕ್ಕೆ ಜನರನ್ನು ಒಗ್ಗಿಸಬೇಕಾಗಿತ್ತು.

2024ರ ನವೆಂಬರ್‌ನಲ್ಲಿ ಸ್ಟಾರ್ ಮತ್ತು ವಯಾಕಾಂ18 ಒಂದಾದವು. ಮುಂದಿನ ಫೆಬ್ರವರಿಯಲ್ಲಿ ಅವೆರಡರ ಆ್ಯಪುಗಳು ಜಿಯೋಹಾಟ್‌ಸ್ಟಾರ್ ಎಂಬ ಹೆಸರಿನಲ್ಲಿ ಕೂಡಿದವು, ಸ್ಪೋರ್ಟ್ಸ್18ರ ವಾಹಿನಿಗಳು ಮಾರ್ಚಿನಲ್ಲಿ ಸ್ಟಾರ್ ಹೆಸರನ್ನು ತಳೆದವು. ಹಕ್ಕುದಾರರು ಕಡಿಮೆಯಾದರೆ ಹುಡುಕಾಟ ಕಡಿಮೆಯಾದೀತೆಂಬ ಆಸೆಗೆ ಅವಕಾಶವಿದ್ದಿತು. ಅಷ್ಟರಲ್ಲಿಯೇ, ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು 2010ರಲ್ಲಿ ಹದಿನೈದು ವರ್ಷಕ್ಕೆ ಬರೆದುಕೊಟ್ಟಿದ್ದ ವಾಣಿಜ್ಯ ಹಕ್ಕುಗಳ ಕರಾರು 2025ರ ಡಿಸೆಂಬರ್‌ಗೆ ಮುಗಿಯಲಿದ್ದು, ಅದರ ನವೀಕರಣ ಇತ್ಯರ್ಥವಾಗದ ಕಾರಣ, ಸೂಪರ್ ಲೀಗಿನ ಮುಂದಿನ ಋತುವನ್ನು ತಡೆಹಿಡಿಯಲಾಗಿದೆಯೆಂದು ಅದರ ನಿರ್ವಾಹಕರು 2025ರ ಜುಲೈಯಲ್ಲಿ ತಿಳಿಸಿದರು. ಅದುವರೆಗೆ ಹಕ್ಕು ಬದಲಾದಾಗ ಪ್ರೇಕ್ಷಕನು ವಾಹಿನಿಯನ್ನು ಹುಡುಕುತ್ತಿದ್ದನು. ಈ ಸಲ ವಾಹಿನಿಯಿತ್ತು, ಪ್ಯಾಕಿಗೆ ಹಣವೂ ಸಂದಿತ್ತು, ಸೆಪ್ಟೆಂಬರ್‌ನಲ್ಲಿ ತೋರಿಸಲು ಬೆಂಗಳೂರಿನ ಪಂದ್ಯವೇ ಇರಲಿಲ್ಲ.