ನಗರಾಡಳಿತದಿಂದ ವಿಕಲಚೇತನರಿಗೆ ಅನುಕೂಲ: ಬೀದರ್, ಭಾಲ್ಕಿ, ಔರಾದ್‌ನಲ್ಲಿ ಕೇಳುವ ಬಗೆ

ಬೀದರ್: ಖಾತಾ ನಕಲು ಪಡೆಯಲು ಬಂದ ಗಾಲಿಕುರ್ಚಿ ಬಳಕೆದಾರರಿಗೆ ಕಚೇರಿ ಮುಂದಿನ ಮೂರು ಮೆಟ್ಟಿಲುಗಳೇ ತಡೆಗೋಡೆಯಾಗಬಲ್ಲವು. ಮಗುವಿನ ಜನನ ಪ್ರಮಾಣಪತ್ರ ತಿದ್ದಿಸಲು ಬಂದ ಶ್ರವಣದೋಷವುಳ್ಳ ತಾಯಿಗೆ ಗಾಜಿನಾಚೆ ಕುಳಿತ ಗುಮಾಸ್ತರ ಮಾತು ತಲುಪದು. ಇಂತಹ ಅಡ್ಡಿಗಳನ್ನು ನಿವಾರಿಸಿಕೊಡಿ ಎಂದು ನಗರಾಡಳಿತವನ್ನು ಕೇಳುವುದು ಕಾನೂನು ಕೊಟ್ಟ ಹಕ್ಕು. ಆದರೆ ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಕಡತದಲ್ಲಿ ಜಾಗವಿಲ್ಲ. ಲಿಖಿತ ಅರ್ಜಿ ಮತ್ತು ಅದರ ಸ್ವೀಕೃತಿ ಇಲ್ಲದಿದ್ದರೆ ಮುಂದಿನ ಯಾವ ಹಂತಕ್ಕೂ ಹೋಗುವುದು ಕಷ್ಟ.

ಈ ಹಕ್ಕಿನ ಮೂಲ 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016. ಹಿಂದಿನ 1995ರ ಕಾಯಿದೆಯ ಸ್ಥಾನಕ್ಕೆ ಬಂದ ಇದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ‘ರೀಸನಬಲ್ ಅಕಾಮಡೇಶನ್’, ಅಂದರೆ ಸಮಂಜಸ ಹೊಂದಾಣಿಕೆ ಎಂಬ ಪರಿಕಲ್ಪನೆಯನ್ನು ಈ ಕಾಯಿದೆ ಹೀಗೆ ವಿವರಿಸುತ್ತದೆ: ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳದಂತೆ, ಆಯಾ ಪ್ರಕರಣಕ್ಕೆ ತಕ್ಕಂತೆ ಮಾಡಬೇಕಾದ ಅಗತ್ಯ ಮಾರ್ಪಾಡು. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯಿದೆಯ ವ್ಯಾಖ್ಯಾನ ಭಾಗದಲ್ಲೇ ಹೇಳಲಾಗಿದೆ.

ಶೇ 40ರ ಗೊಂದಲ

ಅರ್ಜಿದಾರರನ್ನು ಮೊದಲು ಎಡವಿಸುವುದು ಪ್ರಮಾಣಪತ್ರದ ಪ್ರಶ್ನೆ. ಮೀಸಲಾತಿಯಂತಹ ಸೌಲಭ್ಯಗಳಿಗೆ ಶೇ 40ರಷ್ಟು ವೈಕಲ್ಯ ಇರಬೇಕೆಂಬ ನಿಯಮವಿರುವುದು ನಿಜ. ಸಮಂಜಸ ಹೊಂದಾಣಿಕೆಗೆ ಆ ಮಿತಿ ಅನ್ವಯಿಸದು. ಬರೆಯುವಾಗ ಕೈ ಸೆಳೆತಕ್ಕೊಳಗಾಗುವ ಅಭ್ಯರ್ಥಿಯೊಬ್ಬರು ನಾಗರಿಕ ಸೇವಾ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ್ದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಇದನ್ನು ಸ್ಪಷ್ಟಪಡಿಸಿತು. ಹೀಗಾಗಿ ಶೇ 30ರಷ್ಟು ದೃಷ್ಟಿದೋಷವುಳ್ಳವರು ದೊಡ್ಡ ಅಕ್ಷರದ ತೆರಿಗೆ ನೋಟಿಸ್ ಕೇಳಿದರೆ ಶೇಕಡಾವಾರು ಲೆಕ್ಕ ಮುಂದೊಡ್ಡಿ ಹಿಂದಿರುಗಿಸುವಂತಿಲ್ಲ.

ಆದರೂ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇದ್ದವರು ಅದರ ಪ್ರತಿ ಲಗತ್ತಿಸುವುದು ಒಳಿತು. ವಾದಕ್ಕೆ ಅವಕಾಶ ಕಡಿಮೆಯಾಗುತ್ತದೆ.

ಯಾರಿಗೆ ಬರೆಯಬೇಕು?

ಭಾಲ್ಕಿಯಲ್ಲಿರುವುದು ಪುರಸಭೆ, ಔರಾದ್‌ನಲ್ಲಿರುವುದು ಪಟ್ಟಣ ಪಂಚಾಯಿತಿ. ಎರಡೂ ಕಡೆ ಅರ್ಜಿಯನ್ನು ಮುಖ್ಯಾಧಿಕಾರಿಗೆ ಬರೆಯಬೇಕು. ಬೀದರ್ ನಗರಸಭೆಯನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸುವ ತೀರ್ಮಾನವನ್ನು ರಾಜ್ಯ ಸಚಿವ ಸಂಪುಟ 2024ರಲ್ಲಿ ಕೈಗೊಂಡಿತು. ಫಲಕದ ಮೇಲೆ ಯಾವ ಹೆಸರಿದ್ದರೂ ಇಲ್ಲಿ ಅರ್ಜಿ ಹೋಗಬೇಕಾದದ್ದು ಆಯುಕ್ತರಿಗೆ.

ಎಲ್ಲ ಮೆಟ್ಟಿಲುಗಳೂ ನಗರಾಡಳಿತದ್ದಲ್ಲ ಎಂಬುದನ್ನು ಮರೆಯಬಾರದು. ಬಸ್ ನಿಲ್ದಾಣ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದ್ದು. ಮಹಮೂದ್ ಗವಾನ್ ಮದರಸಾ, ಬೀದರ್ ಕೋಟೆಗಳಲ್ಲಿ ಇಳಿಜಾರು ಬೇಕಿದ್ದರೆ ಕೇಳಬೇಕಾದದ್ದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು. ತಪ್ಪು ಬಾಗಿಲಿಗೆ ಹೋದ ಅರ್ಜಿ ತಿಂಗಳುಗಟ್ಟಲೆ ಅಲೆಯುವ ಸಂಭವವೇ ಹೆಚ್ಚು. ನಗರಾಡಳಿತದ ಕಚೇರಿ, ಉದ್ಯಾನ, ಸಾರ್ವಜನಿಕ ಶೌಚಾಲಯ, ಬಡಾವಣೆಯ ರಸ್ತೆ ಮತ್ತು ಪಾದಚಾರಿ ಮಾರ್ಗ, ತೆರಿಗೆ ಹಾಗೂ ಪ್ರಮಾಣಪತ್ರ ಸೇವೆಗಳ ವಿಷಯದಲ್ಲಿ ಮಾತ್ರ ಇಲ್ಲಿ ಕೇಳುವುದು ಸಾರ್ಥಕ.

ಅರ್ಜಿಯಲ್ಲಿ ‘ವಿಕಲಚೇತನರಿಗೆ ಅನುಕೂಲ ಮಾಡಿಕೊಡಿ’ ಎಂಬ ಒಂದು ಸಾಲು ಸಾಲದು. ಯಾವ ಸ್ಥಳ, ಯಾವ ಸೇವೆ, ಏನು ಅಡ್ಡಿ, ಯಾವ ಮಾರ್ಪಾಡು, ಯಾವ ದಿನಾಂಕದೊಳಗೆ ಎಂಬುದನ್ನು ಬಿಡಿಬಿಡಿಯಾಗಿ ಬರೆಯಬೇಕು. ಇಳಿಜಾರನ್ನೇ ತೆಗೆದುಕೊಳ್ಳಿ. ಅದರ ಪ್ರಮಾಣ 1:12. ಒಂದೂವರೆ ಅಡಿ ಎತ್ತರದ ಮೆಟ್ಟಿಲುಗಳಿಗೆ 18 ಅಡಿ ಉದ್ದದ ಇಳಿಜಾರು ಬೇಕು. ಇಷ್ಟು ಬರೆಯದಿದ್ದರೆ ಐದಾರು ಅಡಿಯ ಕಡಿದಾದ ಸಿಮೆಂಟ್ ಜಾರುಬಂಡೆಯೊಂದು ಎದ್ದು, ಕೆಲಸ ಮುಗಿಯಿತೆಂದು ಬಿಲ್ ಆಗಿಬಿಡುವ ಅಪಾಯವಿದೆ. ಹಳೆ ಬೀದರ್‌ನ ಚೌಬಾರಾ ಸುತ್ತಲಿನ ಓಣಿಗಳಂತಹ ಕಡೆ 18 ಅಡಿ ಜಾಗ ಸಿಗುವುದೇ ಕಷ್ಟ. ಅಂತಹಲ್ಲಿ ಪರ್ಯಾಯವನ್ನೂ ಅರ್ಜಿಯಲ್ಲೇ ಸೂಚಿಸುವುದು ಜಾಣತನ: ನೆಲಮಹಡಿಯಲ್ಲಿ ಒಂದು ಕಿಟಕಿ, ನಿಗದಿತ ದಿನ ಸಿಬ್ಬಂದಿ ಮನೆಗೆ ಬಂದು ಸಹಿ ಪಡೆಯುವುದು, ಕಿವಿ ಕೇಳದವರಿಗೆ ಲಿಖಿತ ಉತ್ತರ ಅಥವಾ ಸಂಜ್ಞಾ ಭಾಷಾ ದುಭಾಷಿಯ ನೆರವು. ವೆಚ್ಚವಿಲ್ಲದ ಇಂತಹ ಪರ್ಯಾಯಗಳು ಎದುರಿಗಿರುವಾಗ ‘ಅತಿಯಾದ ಹೊರೆ’ ಎಂಬ ನೆಪ ನಿಲ್ಲುವುದಿಲ್ಲ.

ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಮೊಹರು ಹಾಗೂ ದಿನಾಂಕ ಹಾಕಿಸಿಕೊಳ್ಳಬೇಕು. ಹೋಗಲಾಗದವರಿಗೆ ಸ್ಪೀಡ್ ಪೋಸ್ಟ್ ಉಂಟು. ಕಚೇರಿ ನಿರಾಕರಿಸುವುದಾದರೆ ಕಾರಣಸಹಿತ ಹಿಂಬರಹ ನೀಡಬೇಕೆಂದೂ ಅರ್ಜಿಯಲ್ಲಿ ಸೇರಿಸಬೇಕು. ಮನೆಯಲ್ಲಿ ಮರಾಠಿ ಅಥವಾ ಉರ್ದು ಓದುವವರು ಈ ಜಿಲ್ಲೆಯಲ್ಲಿ ಬಹಳ. ಕನ್ನಡದಲ್ಲಿ ಬರೆಸಿಕೊಳ್ಳಲು ನಗರ ಪುನರ್ವಸತಿ ಕಾರ್ಯಕರ್ತರ ಇಲ್ಲವೇ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯ ನೆರವು ಕೋರಬಹುದು.

‘ಅನುದಾನ ಇಲ್ಲ’ ಎಂಬ ಉತ್ತರ ಬಂದರೆ?

ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ನಿಧಿಯಲ್ಲಿ ಶೇ 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡಬೇಕು. ಮೊದಲು ಇದು ಶೇ 3 ಇತ್ತು. ಆ ಹಣ ಎಷ್ಟಿತ್ತು, ಯಾವುದಕ್ಕೆ ಖರ್ಚಾಯಿತು ಎಂದು ಮಾಹಿತಿ ಹಕ್ಕು ಕಾಯಿದೆ, 2005ರಡಿ ಕೇಳಬಹುದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಉಚಿತ. ಉತ್ತರದ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು. ಬರೆಯಲಾಗದವರು ಮೌಖಿಕವಾಗಿ ಹೇಳಿದ್ದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ. ಹಿಂದೆಯೇ ಕೊಟ್ಟ ಅರ್ಜಿಯ ಮೇಲೆ ಕೈಗೊಂಡ ಕ್ರಮವೇನು ಎಂಬ ಪ್ರಶ್ನೆಯನ್ನೂ ಹೀಗೆಯೇ ಪ್ರತ್ಯೇಕವಾಗಿ ಕೇಳಬಹುದು. ಹೊಂದಾಣಿಕೆಯ ಅರ್ಜಿಗೆ ಇಷ್ಟೇ ದಿನದಲ್ಲಿ ಉತ್ತರಿಸಬೇಕೆಂಬ ಗಡುವನ್ನು 2016ರ ಕಾಯಿದೆ ವಿಧಿಸಿಲ್ಲ. ಆ ಕೊರತೆಯನ್ನು ತುಂಬುವುದು ಮಾಹಿತಿ ಹಕ್ಕಿನ ಈ 30 ದಿನಗಳೇ.

ಇರುವ ಸಾರ್ವಜನಿಕ ಕಟ್ಟಡಗಳನ್ನು ಪ್ರವೇಶಯೋಗ್ಯ ಮಾಡಲು ಕಾಯಿದೆ ಕೊಟ್ಟದ್ದು ನಿಯಮಗಳ ಅಧಿಸೂಚನೆಯಿಂದ ಐದು ವರ್ಷ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಅಂದರೆ 2022ರ ಜೂನ್‌ಗೇ ಆ ಅವಧಿ ಮುಗಿದಿದೆ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಶಿಫಾರಸಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳನ್ನು ರೂಪಿಸಬೇಕು ಎಂದು ಕೇಂದ್ರಕ್ಕೆ ನಿರ್ದೇಶಿಸಿತು. ಅರ್ಜಿಯಲ್ಲಿ ಈ ಎರಡು ದಿನಾಂಕಗಳನ್ನು ಉಲ್ಲೇಖಿಸಿದರೆ ಅದಕ್ಕೆ ತೂಕ ಬರುತ್ತದೆ.

ಕೆಳಹಂತದಲ್ಲಿ ಕೆಲಸವಾಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶ, ಸಹಾಯವಾಣಿ 1902 ಇವೆ. ಇವುಗಳಿಗಿಂತ ಹೆಚ್ಚು ಅಧಿಕಾರವುಳ್ಳದ್ದು ಬೆಂಗಳೂರಿನ ರಾಜ್ಯ ಆಯುಕ್ತರ ಕಚೇರಿ. ವಿಕಲಚೇತನರ ಹಕ್ಕುಗಳಿಗಾಗಿಯೇ ಇರುವ ಈ ಆಯುಕ್ತರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಬೀದರ್‌ನಿಂದ ಸುಮಾರು 700 ಕಿ.ಮೀ. ಪಯಣಿಸಬೇಕಿಲ್ಲ, ದೂರನ್ನು ಅಂಚೆಯಲ್ಲಿ ಕಳುಹಿಸಬಹುದು. ಆದರೆ ಆಯುಕ್ತರು ನೀಡುವುದು ಶಿಫಾರಸು. ಸಂಬಂಧಿತ ಕಚೇರಿ ಮೂರು ತಿಂಗಳಲ್ಲಿ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ದೂರುದಾರರಿಗೂ ತಿಳಿಸಬೇಕು. ಆ ಕಾರಣ ಸಮರ್ಪಕವಲ್ಲದಿದ್ದಲ್ಲಿ ಉಳಿಯುವುದು ಹೈಕೋರ್ಟಿನ ಕಲಬುರಗಿ ಪೀಠ. ವಿಕಲಚೇತನರಿಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಲಭ್ಯ, ಅದಕ್ಕೆ ಆದಾಯ ಮಿತಿ ಇಲ್ಲ. ಸಹಾಯವಾಣಿ ಸಂಖ್ಯೆ 15100.